ಮರೆತ ತಂಬಿಗೆಯ ನೀರು

ನಾನು ಅಜ್ಜಿಯಾದೆ! ನನ್ನ ಮಗಳು ಭಾರತಿ ಹೆಣ್ಣು ಹಡೆದಿದ್ದಾಳೆ. ಇವತ್ತು ಮುಂಜಾನೆ ತಾಯಿ-ಕೂಸು ಇಬ್ಬರನ್ನೂ ದವಾಖಾನೆಯಿಂದ ಸ್ಟೇಶನ್ ಬಜಾರದ ನಮ್ಮ ಮನೆಗೆ ಕರೆತಂದೆವು. ಕೂಸಿಗೆ ತಲೆ ತುಂಬ ಕೂದಲು. ಆಟೋದವನಿಗೆ, ಹೂವಿನವಳಿಗೆ, ಹಾಲಿನವಳಿಗೆ ಎಲ್ಲರಿಗೂ ಹೇಳಿ ಮುಗಿಸಿದೆ. ಉಳಿದವರು ನೀವೇ.

ಆದರೆ ಕೂಸನ್ನು ಮಡಿಲಿಗೆ ಹಾಕಿಕೊಂಡಾಗ ನನಗೆ ತಡೆಯಲಾರದಷ್ಟು ಅಳು ಬಂತು. ಅದರ ಹಿಂದಿನ ಮಾತನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ನಾನು ಕಲಿತದ್ದು ಮೂರನೆಯ ಇಯತ್ತೆ. ಆದರೂ ಇಂಥದ್ದನ್ನೆಲ್ಲ ನಂಬುತ್ತಿರಲಿಲ್ಲ. ಸತ್ತವರು ಬರುತ್ತಾರೆಂದು ಯಾರಾದರೂ ಅಂದರೆ, "ಬಂದರ ರೊಟ್ಟಿ ಬಡಿಯಾಕ ಕೂಡಸ್ರಿ" ಎಂದು ನಗುತ್ತಿದ್ದೆ.

ಎಂಬತ್ತರ ದಶಕದ ಮಾತು. ಆಗ ನಾವು ಕಮಲಾಪುರದಲ್ಲಿದ್ದೆವು. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವುದು ನಮ್ಮ ಕಡೆಯ ಪದ್ಧತಿ. ಸಜ್ಜೆ ರೊಟ್ಟಿ, ಭಜ್ಜಿ, ಕಡುಬು ಕಲಸಿ ಒಬ್ಬರು "ಓಲಗ್ಯಾ" ಎಂದು ಕೂಗುತ್ತ ಬೆಳೆಗೆ ಚೆಲ್ಲುತ್ತ ಹೋಗಬೇಕು. ಇನ್ನೊಬ್ಬರು ತಂಬಿಗೆಯ ನೀರು ಚಿಮುಕಿಸುತ್ತ ಹಿಂದೆ ನಡೆದು ಓಗೊಡಬೇಕು. ಬೇರೆಯವರು ತಮ್ಮ ಬದುವಿಗೇ ನಿಲ್ಲುತ್ತಿದ್ದರು. ನನ್ನ ಗಂಡನಿಗೆ ಅಷ್ಟು ಸಾಲದು. ಕೆರೆಯಂಚಿನ ಜವುಗಿನಲ್ಲಿ ಕೊಕ್ಕರೆಗಳಿಗೆ, ಆಚೆಯ ಹುಲ್ಲುಗಾವಲಿನಲ್ಲಿ ಜಿಂಕೆಗಳಿಗೆ, ಅದರಾಚೆಯ ಅಡವಿಯಲ್ಲಿ ಹಕ್ಕಿಗಳಿಗೆ ಇಷ್ಟಿಷ್ಟು ಚೆಲ್ಲಿಯೇ ತಿರುಗಬೇಕು. "ಪಾಪ, ಅವಕ್ಕ ಹೊಲಾ ಎಲ್ಲ್ಯದ?" ಎನ್ನುತ್ತಿದ್ದರು. ಅರ್ಧ ತಾಸಿನ ಹಗುರ ನಡಿಗೆ. ಹಿಂದೆ ತಂಬಿಗೆ ಹಿಡಿದವಳು ನಾನು.

ಆ ವರ್ಷ ದೀಪಾವಳಿಗೆ ಮೊದಲೇ ಅವರು ಜ್ವರದಲ್ಲಿ ಹೋಗಿಬಿಟ್ಟರು. ಅಮಾವಾಸ್ಯೆಯ ಹೊತ್ತಿಗೆ ನನಗೆ ಏಳು ತಿಂಗಳು. ಹಿಂದಿನ ದಿನದಿಂದ ಹೊಟ್ಟೆಯಲ್ಲಿ ಕೂಸು ಮಿಸುಕಿರಲಿಲ್ಲ. ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆಂದು ಹೆದರಿ ಸುಮ್ಮನಿದ್ದೆ.

ಹೊಲದ ಬನ್ನಿ ಗಿಡದ ಬುಡದಲ್ಲಿ ಪೂಜೆ ಮುಗಿದು, ಚರಗ ನಾನೇ ಚೆಲ್ಲುತ್ತೇನೆಂದಾಗ ಅತ್ತೆ ರೇಗಿದರು. "ಹೊಟ್ಟಿ ಹೊತ್ಕೊಂಡು ಅಡವಿ ಸುತ್ತಾಕ ಹೊಂಟಾಳ ನೋಡ್ರಿ!"

"ನಿಮ್ಮ ಮಗಾನೂ ಸುತ್ತತಿದ್ದರಲ್ರೀ ಅತ್ತಿ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಬುಟ್ಟಿಯನ್ನು ನನ್ನ ಕೈಗಿಟ್ಟು "ಲಗೂನ ಬಾ" ಎಂದರು.

ಜವುಗಿನ ಅಂಚಿನಲ್ಲಿ ಚೆಲ್ಲಿದೆ. ಕೂಗಲು ದನಿ ಏಳಲಿಲ್ಲ. ಹುಲ್ಲುಗಾವಲಿಗೆ ಬಂದಾಗ ನೆನಪಾಯಿತು, ತಂಬಿಗೆಯನ್ನೇ ತಂದಿರಲಿಲ್ಲ. ಅಷ್ಟು ವರ್ಷ ನಾನು ಹಿಡಿದದ್ದು ಅದೊಂದೇ. ಮರೆತದ್ದೂ ಅದನ್ನೇ. ಅಲ್ಲೇ ಕುಸಿದು ಕೂತು ಅತ್ತುಬಿಟ್ಟೆ. ಹೊಟ್ಟೆ ಮುಟ್ಟಿಕೊಂಡೆ. ಕಲ್ಲಿನ ಹಾಗಿತ್ತು. ಆಮೇಲೆ ಎದ್ದು, ಇದ್ದ ಸಿಟ್ಟನ್ನೆಲ್ಲ ಸೇರಿಸಿ "ಓಲಗ್ಯಾ" ಎಂದು ಕೂಗಿದೆ.

ಹಿಂದಿನಿಂದ ಯಾರೋ ಓಗೊಟ್ಟರು. ಕೊನೆಗೊಂದು ಸಣ್ಣ ಕೆಮ್ಮು. ನಮ್ಮವರು ಕೂಗಿದಾಗಲೆಲ್ಲ ಬರುತ್ತಿದ್ದ ಕೆಮ್ಮು.

ನಾನು ತಿರುಗಲಿಲ್ಲ. ತಿರುಗಿದರೆ ಇರಲಾರರೆಂಬ ಭಯ. ಅಡವಿಯವರೆಗೂ ಕೂಗುತ್ತ, ಚೆಲ್ಲುತ್ತ ಹೋದೆ. ಪ್ರತಿ ಸಲವೂ ಉತ್ತರ ಬಂತು. ಮೊದಲ ಮರದ ನೆರಳಿಗೆ ಕಾಲಿಟ್ಟಾಗ ಹಿಮ್ಮಡಿಗೆ ತಣ್ಣನೆಯ ಹನಿ ಸಿಡಿಯಿತು. ಅದೇ ಗಳಿಗೆಗೆ ಹೊಟ್ಟೆಯಲ್ಲಿ ಕೂಸು ಒದೆಯಿತು.

ಆಗ ತಿರುಗಿದೆ. ಯಾರೂ ಇರಲಿಲ್ಲ. ನಡು ಮಧ್ಯಾಹ್ನದ ಬಿಸಿಲು. ಒಣಗಿದ ಕಾಲುದಾರಿಯ ಮೇಲೆ, ನನ್ನ ಹೆಜ್ಜೆಗಳ ಪಕ್ಕದಲ್ಲೇ ನೀರಿನ ಹನಿಗಳ ಸಾಲು. ಬಗ್ಗಿ ಮುಟ್ಟಿದೆ. ಬೆರಳು ಒದ್ದೆಯಾಯಿತು.

ಹೊಲಕ್ಕೆ ಮರಳಿದಾಗ ತಂಬಿಗೆ ಬನ್ನಿ ಗಿಡದ ಬುಡದಲ್ಲೇ ಇತ್ತು, ಖಾಲಿಯಾಗಿ. "ತುಂಬಿ ಇಟ್ಟಿದ್ನಲ್ಲ, ಯಾರು ಕುಡದ್ರು?" ಎಂದು ಅತ್ತೆ ಕೇಳುತ್ತಿದ್ದರು. ಯಾರೂ ಒಪ್ಪಲಿಲ್ಲ. ಯಾರೋ ಕುಡಿದು ಮರೆತಿರಬಹುದು. ದನ ಕಾಯುವವರು ತಮಾಷೆಗೆ ಓಗೊಟ್ಟಿರಬಹುದು. ಆ ಹನಿಗಳಿಗೆ ಏನು ಹೇಳಲಿ? ನನಗೆ ಇವತ್ತಿಗೂ ತಿಳಿಯದು. ಎರಡು ಹೆಜ್ಜೆ ಮೊದಲೇ ತಿರುಗಿದ್ದರೆ ಮುಖವಾದರೂ ಕಾಣುತ್ತಿತ್ತೇನೋ ಎಂಬ ಸಂಕಟ ಮಾತ್ರ ಉಳಿದಿದೆ. ಅವತ್ತು ಒದ್ದವಳೇ ಭಾರತಿ. ಅಪ್ಪನ ಮುಖ ಅವಳೂ ನೋಡಲಿಲ್ಲ.

ಇವತ್ತು ಸಂಜೆ ಊಟಕ್ಕೆ ಕೂಡುವ ಮೊದಲು ಒಂದು ಕಡುಬು ಮುರಿದು ಅಂಗಳದ ಗೋಡೆಯ ಮೇಲೆ ಇಡಲು ಹೋದೆ. ಹಿಂದೆ ಹೆಜ್ಜೆ ಸಪ್ಪಳವಾಯಿತು. ಈ ಸಲ ತಟ್ಟನೆ ತಿರುಗಿದೆ. ಅಳಿಯ ನಿಂತಿದ್ದ, ಕೈಯಲ್ಲಿ ತಂಬಿಗೆ.

"ನೀರ ಮರತು ಬಂದೀರಲ್ರೀ ಅತ್ತಿ" ಎಂದು ಕಡುಬಿನ ಸುತ್ತ ಚಿಮುಕಿಸಿದ. ಅವನಿಗೆ ಏನೂ ಗೊತ್ತಿಲ್ಲ.

ಅವನು ಒಳಗೆ ಹೋದ ಮೇಲೆ ಮೆಲ್ಲಗೆ "ಓಲಗ್ಯಾ" ಎಂದೆ. ಸ್ಟೇಶನ್ ಕಡೆಯ ರೈಲಿನ ಸಪ್ಪಳ ಮುಗಿಯುವವರೆಗೆ ಓಗೊಡುವ ದನಿಗಾಗಿ ಕಾದೆ.

"ಯಾರನ್ನ ಕರಿಯಾಕತ್ತೀಯವ್ವಾ? ಅನ್ನ ಆರಾಕತ್ತದ!" ಒಳಗಿನಿಂದ ನನ್ನ ಅತ್ತೆ ಕೂಗಿದರು. ಎಂಬತ್ತು ದಾಟಿದರೂ ಕಿವಿ ಚುರುಕು.

"ಯಾರನ್ನೂ ಇಲ್ರೀ" ಎಂದು ಒಳಗೆ ಬಂದು ಕೂತೆ. ಅತ್ತೆ ನನ್ನ ಮುಖವನ್ನೇ ನೋಡಿದರು. ತಮ್ಮ ತಾಟಿನ ಕಡುಬು ಮುರಿದು ಅರ್ಧ ನನಗೆ ಹಾಕಿದರು. ಭಾರತಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಿಸಿ ಅನ್ನಕ್ಕೆ ತುಪ್ಪ ಕಲಸಿದಳು. ಎಲ್ಲರೂ ಕೂಡಿ ಉಂಡೆವು.