ಮಂಡಿ ರಾಜಶೇಖರ್ ಅವರ ಕಿವಿ

ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟವರಿಗೇನು ಬರವೇ? ಆದರೆ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಗಿಟುಕು ಒಣಗಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಒಡೆಯದೆ ಹೇಳುವುದರಲ್ಲಿ ರಾಜಶೇಖರ್ ಅವರನ್ನು ಮೀರಿಸಿದವರಿಲ್ಲ ಎಂದು ಅವರ ಹೆಂಡತಿ ಮಹದೇವಮ್ಮ ನಂಬಿದ್ದರು. ಗಂಡನಿಗೂ ಅದೇ ನಂಬಿಕೆ, ಒಂದು ಹಿಡಿ ಹೆಚ್ಚೇ. "ಕಾಲು ಹೋಗ್ಲಿ, ಕಣ್ಣು ಹೋಗ್ಲಿ, ಕಿವಿ ಒಂದಿದ್ರೆ ಮಂಡಿ ನಡೀತೈತೆ" ಅನ್ನುತ್ತಿದ್ದರು. ಸೊಕ್ಕು ಅಂದರೂ ಸರಿಯೇ.

ಕಾಲು ಹೋಯಿತು. ಲಕ್ವ ಹೊಡೆದು ಎಡಭಾಗ ಬಿದ್ದ ಮೇಲೆ ಮನೆಯಲ್ಲಿ ಮಲಗಲು ಸುತರಾಂ ಒಪ್ಪದೆ ಮಂಡಿಯಲ್ಲೇ ಮಂಚ ಹಾಕಿಸಿಕೊಂಡರು. ತಲೆಯ ಮೇಲಿನ ಅಟ್ಟದ ತುಂಬ ಕೊಬ್ಬರಿಯಾಗಲೆಂದು ಸಂಕ್ರಾಂತಿಗೆ ಏರಿಸಿದ ಕಾಯಿ, ಅದರ ಮೇಲೆ ಹಳೆಯ ತಗಡಿನ ಚಾವಣಿ. ಮಳೆಗೆ ಸೋರುವುದು, ಬಿಸಿಲಿಗೆ ಕೆಂಡವಾಗುವುದು ಅದಕ್ಕೆ ಮಾಮೂಲು. ಬೇಸಿಗೆಯಲ್ಲಿ ಗಂಡ ಬೆವರಿ ಒದ್ದಾಡುವುದನ್ನು ನೋಡಲಾರದೆ ಮಹದೇವಮ್ಮ ಹಾಸನದಿಂದ ಚಾವಣಿಗೆ ಬಿಸಿಲು ತಡೆಯುವ ಫೋಮ್ ಹೊಡೆಯುವವರನ್ನು ಕರೆಸಿದರು. ಅವರು ತಗಡನ್ನು ಉಜ್ಜಿ ತೊಳೆದು, ಚೆನ್ನಾಗಿ ಒಣಗಿದ ಮೇಲೆ ಪೈಪಿನಿಂದ ಹಳದಿ ದ್ರವ ಚಿಮ್ಮಿಸಿದರು. ಅದು ನೋಡನೋಡುತ್ತಲೇ ಇಡ್ಲಿ ಹಿಟ್ಟಿನಂತೆ ಉಬ್ಬಿ ಗಟ್ಟಿಯಾಯಿತು. ಮೇಲೆ ಬಿಳಿ ಬಣ್ಣ ಬಳಿದು ಹೋದರು.

ಮಂಡಿ ತಣ್ಣಗಾಯಿತು. ಎಷ್ಟೋ ದಿನಗಳ ಮೇಲೆ ರಾಜಶೇಖರ್ ಮಧ್ಯಾಹ್ನ ಗೊರಕೆ ಹೊಡೆದರು. ಅಟ್ಟದ ಕಾಯಿ ಒಣಗುವುದೇ ಆ ತಗಡಿನ ಕಾವಿಗೆ ಎಂಬುದು ನಲವತ್ತು ವರ್ಷ ಅದೇ ಅನ್ನ ಉಂಡ ಇಬ್ಬರಿಗೂ ಹೊಳೆಯಲಿಲ್ಲವಲ್ಲ!

ಕಾರ್ತಿಕ ಕಳೆಯುತ್ತಲೇ ಮಹದೇವಮ್ಮ ಒಂದು ಕಾಯಿ ಇಳಿಸಿ ತಂದುಕೊಟ್ಟರು. ರಾಜಶೇಖರ್ ಬಲಗೈಯಲ್ಲಿ ಹಿಡಿದು ಅಲ್ಲಾಡಿಸಿದರು. ಇನ್ನೊಂದು ಕೇಳಿದರು. ಹೀಗೇ ಹತ್ತು ಕಾಯಿ ಆಯಿತು.

"ಮಾದೇವಿ, ನಿನ್ ಮಾತು ಕೇಳ್ತೈತೆ, ಕಾಯಿ ಸದ್ದು ಕೇಳ್ತಿಲ್ಲ ಕಣೇ. ನಿಂಗೆ?"

ಆಕೆಗೂ ಕೇಳಿರಲಿಲ್ಲ. ಆದರೆ ಗಂಡನ ಮುಖದಲ್ಲಿ ಅಂಥ ದಿಗಿಲನ್ನು ಲಕ್ವ ಹೊಡೆದ ದಿನವೂ ಆಕೆ ಕಂಡಿರಲಿಲ್ಲ. ಬೆಳೆ ಕೈಗೆ ಬಂತು ಅಂದರೆ ಧೈರ್ಯ ಬಂದೀತು ಅಂದುಕೊಂಡು, "ಲೊಟಲೊಟ ಅಂತೈತಲ್ರೀ, ಚೆನ್ನಾಗ್ ಒಣಗೈತೆ" ಅಂದುಬಿಟ್ಟರು.

"ಹಂಗಾದ್ರೆ ಕಿವೀನೂ ಹೋಯ್ತು" ಎಂದು ರಾಜಶೇಖರ್ ಗೋಡೆಯ ಕಡೆ ತಿರುಗಿದರು. ಮತ್ತೆ ಕಾಯಿ ಕೇಳಲಿಲ್ಲ. ಗಿರಾಕಿಗಳು ಬಂದರೂ ಮಾತಾಡಿಸಲಿಲ್ಲ. ಗಂಜಿಯನ್ನೂ ಬೇಡವೆಂದರು. ಸಂಕ್ರಾಂತಿಗೆ ಮೊದಲೇ ಹೋಗಿಬಿಟ್ಟರು.

ಹನ್ನೊಂದನೆಯ ದಿನದ ಶಿವಗಣಾರಾಧನೆ ಮುಗಿದ ಮೇಲೆ ಕಾಯಿ ಸುಲಿಯುವ ಹೊನ್ನಯ್ಯ ಅಟ್ಟದ ಕಾಯಿ ಇಳಿಸಿದ. ಒಂದನ್ನು ಒಡೆದ, ಇನ್ನೊಂದನ್ನು ಒಡೆದ. ನೀರೂ ಇಲ್ಲ, ಗಿಟುಕೂ ಇಲ್ಲ. ಒಳಗೆಲ್ಲ ಮೊಳಕೆಯ ಹೂವು ತುಂಬಿ ಕೊಳೆತಿತ್ತು.

"ಇವಕ್ಕೆ ಕಾವೇ ತಾಗಿಲ್ಲ ಕಣವ್ವಾ. ಇನ್ನೆಲ್ಲಿ ಅಲುಗ್ತವೆ?"

ಮಹದೇವಮ್ಮ ಬರಿದಾದ ಮಂಚದ ಮೇಲೆ ಕೂತರು. ಕಾಯಿ ಹಾಳಾದ ದುಃಖ ಆಕೆಯ ಹತ್ತಿರವೂ ಸುಳಿಯಲಿಲ್ಲ.

"ಅವರ ಕಿವಿ ಸರಿಯಾಗೇ ಇತ್ತು ಹೊನ್ನಯ್ಯ. ನಂಗೂ ಕೇಳ್ತಿಲ್ಲ ಅಂತ ನಾನ್ ಒಂದ್ ಮಾತು ಅಂದಿದ್ರೆ, ಬಾಯಿಗೆ ಬಂದಂಗೆ ನನ್ನ ಬೈದು, ಆ ಫೋಮ್ ಕೀಳ್ಸಿ, ಇನ್ನೊಂದೆರಡು ವರ್ಷ ಇರ್ತಿದ್ರು."