ಗರಿಕೆ ಹಿಡಿಸಿದ ತೋಟಗಾರರು

ಮೂಡುಬಿದಿರೆಯ ನಮ್ಮ ಅಂಗಳದ ಜೇಡಿಮಣ್ಣಿನಲ್ಲಿ ಹುಲ್ಲುಹಾಸು ಎರಡು ಬಾರಿ ಕೊಳೆತ ಮೇಲೆ, ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆಯಬೇಕೆಂಬ ಹೆಂಡತಿಯ ಆಸೆಗಾಗಿ ತೋಟಗಾರರೊಬ್ಬರನ್ನು ಕರೆಸಿದೆ. ಅವರು ಒದ್ದೆ ಮಣ್ಣನ್ನು ಅಂಗೈಯಲ್ಲಿ ಹೊಸೆದು, ನೆರೆಯವರ ಎದುರಿಗೇ ನನ್ನ ಕೈಗಿಟ್ಟರು.

"ಇದರಲ್ಲಿ ಮಡಕೆ ಮಾಡ್ಬಹುದು, ಮಾಷ್ಟ್ರೇ. ದಿನಾ ನೀರು ಬಿಟ್ಟು ಹುಲ್ಲನ್ನು ಕೊಂದದ್ದು ನೀವೇ. ಮಣ್ಣಿಗೆ ಉಸಿರು ಬೇಡವಾ?"

ಆ ಮಾತನ್ನು ನಾನು ಮರೆತಿಲ್ಲ. ನೆಲ ಅಗೆದು ಹಟ್ಟಿಗೊಬ್ಬರ ಬೆರೆಸುವಾಗಲೂ, ನೀರು ನಿಲ್ಲದಂತೆ ಇಳಿಜಾರು ಕೊಡುವಾಗಲೂ, ಗರಿಕೆ ನೆಡುವಾಗಲೂ ಅವರದು ಅದೇ ಪ್ರಶ್ನೆ: "ಉಸಿರು ಬೇಡವಾ?" ನೀರಿನ ಪೈಪನ್ನಂತೂ ನನಗೆ ಮುಟ್ಟಗೊಡಲಿಲ್ಲ.

ಹುಲ್ಲು ದಟ್ಟವಾದ ಬೆಳಿಗ್ಗೆ, ಚಪ್ಪಲಿ ಕಳಚಿ ಅಂಚಿನಲ್ಲಿ ನಿಂತಿದ್ದ ನನ್ನನ್ನು ದಾಟಿ ಹೋಗಿ ಹೆಂಡತಿಯನ್ನು ಕರೆದರು. "ಬನ್ನಿ ಅಕ್ಕ, ಇನ್ನು ಧಾರಾಳ ನಡೀಬಹುದು."

ನನ್ನನ್ನು ಕರೆಯಲಿಲ್ಲ. ಅವಳು ದಿನವೂ ನಡೆಯುತ್ತಾಳೆ. ನಾನು ಇಂದಿಗೂ ಆ ಹುಲ್ಲಿನ ಮೇಲೆ ಕಾಲಿಟ್ಟಿಲ್ಲ.