ಏಡಿಯ ಪಾಠ

ಸಿನಿವಾ ಚಿಕ್ಕಂದಿನಲ್ಲಿ ಇಡೀ ಊರಿಗೇ ಜಾಣೆ. ಸವಾಯಿ ದ್ವೀಪದ ಆ ಊರಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಬಿಳಿ ಭಾನುವಾರ ಬರುತ್ತದೆ. ಮಕ್ಕಳು ಬಿಳಿ ಬಟ್ಟೆ ತೊಟ್ಟು, ಚರ್ಚಿನಲ್ಲಿ ನಿಂತು, ಬೈಬಲಿನ ಸಾಲುಗಳನ್ನು ತಡವರಿಸದೆ ಒಪ್ಪಿಸಬೇಕು. ಸಿನಿವಾ ಒಪ್ಪಿಸಿದರೆ ಮುದುಕಿಯರು ಕಣ್ಣೊರೆಸಿಕೊಳ್ಳುತ್ತಿದ್ದರು. ಅವಳಿಗೆ ಒಂದಕ್ಷರವೂ ಓದಲು ಬಾರದೆಂದು ಯಾರಿಗೂ ಹೊಳೆಯಲಿಲ್ಲ. ಹೊಳೆದದ್ದು ಮೈನೆರೆದ ಮೇಲೆ, ಅದೂ ಮೇಷ್ಟ್ರ ಕೋಲಿಗೆ. ಶಾಲೆ ಅಲ್ಲಿಗೇ ಮುಗಿಯಿತು. ಆಮೇಲೆ ಪಾಗೋ ಪಾಗೋ ಪಟ್ಟಣದಲ್ಲಿ ಮೀನು ಡಬ್ಬಿಗೆ ತುಂಬುವ ಕಾರ್ಖಾನೆ ಸೇರಿ, ಡಬ್ಬಿಗಳ ಮೇಲಿನ ಹೆಸರು ನೋಡುತ್ತಾ ಗೆಳತಿಯೊಬ್ಬಳಿಂದ ಅಕ್ಷರ ಕಲಿತಳು.

ಊರಿಗೆ ಮರಳಿ ಅಜ್ಜಿಯಾದ ಮೇಲೆ ಅವಳಿಗೆ ಒಂದೇ ಹಟ. ಓದಿನಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಒಂದನೇ ಕ್ಲಾಸಿನಲ್ಲೇ ಹಿಡಿದು ಕಲಿಸಬೇಕು, ದೊಡ್ಡವರಾದ ಮೇಲೆ ಅದು ಸುಲಭದ ಮಾತಲ್ಲ. ಮಹಿಳಾ ಸಂಘದ ಗೋಡೆಯಿಲ್ಲದ ಮನೆಯಲ್ಲಿ ಚಾಪೆ ಹಾಸಿ ಕೂತಳು. ಪುಸ್ತಕಕ್ಕೂ ತರಬೇತಿಯಾದ ಒಬ್ಬ ಟೀಚರಿಗೂ ಸರ್ಕಾರ ದುಡ್ಡು ಕೊಡಲಿ ಎಂದು ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಸಿದಳು. ಕೊನೆಗೊಬ್ಬ ಅಧಿಕಾರಿ, ಕಣ್ಣಾರೆ ನೋಡಿ ಹೇಳುತ್ತೇನೆ ಅಂದರು.

ಅಲ್ಲೇ ಎಡವಟ್ಟಾಯಿತು. ಅತಿಥಿಯ ಮುಂದೆ ಊರಿನ ಮಾನ ಹೋಗುವುದುಂಟೇ? ಊರ ಹಿರಿಯ ತುಯಿಲೋಮಾ ಹಂದಿ ಸುಡಿಸಿದ. ಪಾದ್ರಿಯ ಹೆಂಡತಿ ಲೋಸಾ, ಸಿನಿವಾಗೆ ತಿಳಿಯದಂತೆ ಮಕ್ಕಳನ್ನು ಚರ್ಚಿಗೆ ಕರೆದು ಅವರ ಪುಸ್ತಕದಲ್ಲಿದ್ದ ಏಡಿಯ ಪಾಠವನ್ನು ಬಾಯಿಪಾಠ ಮಾಡಿಸಿದಳು. ಯಾವ ಮಾತಿಗೆ ಪುಟ ತಿರುಗಿಸಬೇಕೆಂಬುದನ್ನೂ ಕಲಿಸಿದಳು, ಬಿಳಿ ಭಾನುವಾರಕ್ಕೆ ಕಲಿಸುವ ಹಾಗೆ. ಪ್ರೀತಿಯಿಂದಲೇ ಕಲಿಸಿದಳು, ಪುಣ್ಯಾತ್ಗಿತ್ತಿ.

ಅಧಿಕಾರಿ ಬಂದರು, ಎಳನೀರು ಕುಡಿದರು. ಮಕ್ಕಳು ಒಬ್ಬೊಬ್ಬರಾಗಿ ಎದ್ದು, ಪುಸ್ತಕ ಹಿಡಿದು ಪಟಪಟ ಓದಿದವು. ಸಿನಿವಾ ಮಕ್ಕಳ ಕಣ್ಣು ನೋಡಿದಳು, ಒಂದೂ ಸಾಲಿನ ಮೇಲಿರಲಿಲ್ಲ. ನಿನ್ನೆ ತನಕ ಮೊದಲ ಸಾಲಿಗೇ ತಡವರಿಸುತ್ತಿದ್ದ ಮಕ್ಕಳು ಇವು.

“ಇಷ್ಟು ಚೆನ್ನಾಗಿ ಓದ್ತವಲ್ರೀ,” ಎಂದರು ಅಧಿಕಾರಿ. “ಇವಕ್ಯಾಕೆ ಇನ್ನೊಬ್ಬ ಟೀಚರು? ಆ ದುಡ್ಡು ಓದೋಕೆ ಬರದೇ ಇರೋ ಊರಿಗೆ ಹೋಗಲಿ.”

ತುಯಿಲೋಮಾ ಹಿಗ್ಗಿ ಹೀರೇಕಾಯಿಯಾದ.

“ಇದು ಓದಲ್ಲ ಸಾರ್, ಗಿಣಿಪಾಠ,” ಎಂದಳು ಸಿನಿವಾ.

“ಸುಮ್ನೆ ಕೂತ್ಕೊಳ್ಳೇ. ಊರ ಮುಖಕ್ಕೆ ಮಸಿ ಬಳೀಬೇಡ,” ತುಯಿಲೋಮಾ ಹಲ್ಲು ಕಚ್ಚಿದ.

ಬೇರೆಯವರ ಮಕ್ಕಳನ್ನು ಎಬ್ಬಿಸಿದರೆ ತಾಯಂದಿರು ಬಿಟ್ಟಾರೆಯೇ? ತನ್ನ ಮೊಮ್ಮಗಳಾದ ಆರು ವರ್ಷದ ಫೆಟೂಳನ್ನೇ ಎಬ್ಬಿಸಿ ಇನ್ನೊಂದು ಪುಸ್ತಕ ಕೊಟ್ಟಳು. ಮೊದಲ ಪುಟದಲ್ಲಿ ಕೆಂಪು ಬಸ್ಸಿತ್ತು.

ಫೆಟೂ ಬಸ್ಸನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, “ಏಡಿಯಣ್ಣ ಮರಳಲ್ಲಿ ಮನೆ ಮಾಡಿದ. ಅಲೆ ಬಂತು. ಮನೆ ಹೋಯ್ತು,” ಎಂದು ಕೊನೆತನಕ ಒಪ್ಪಿಸಿದಳು. ಪುಟವನ್ನೂ ಸರಿಯಾದ ಮಾತಿಗೇ ತಿರುಗಿಸಿದಳು.

ಜನ ಬಿದ್ದೂ ಬಿದ್ದೂ ನಕ್ಕರು. “ಏಡಿ ಬಸ್ಸು ಹತ್ತಿತೇನೇ?” ಎಂದ ಯಾರೋ. ಅಧಿಕಾರಿಯೂ ನಕ್ಕರು. ಮೆಚ್ಚಿಕೊಂಡರೆಂದು ಮಗುವೂ ನಕ್ಕಿತು, ಅಜ್ಜಿಯ ಮುಖ ನೋಡಿ ನಿಲ್ಲಿಸಿತು.

“ನೋಡಿದ್ರಲ್ಲ ಸಾರ್. ನಾನು ಕಲಿತವಳಲ್ಲ, ಅದಕ್ಕೇ ಟೀಚರನ್ನ ಕೇಳಿದ್ದು.”

“ನೋಡಿದೆ ಅಮ್ಮ. ಎರಡು ವರ್ಷದಿಂದ ಕಲಿಸ್ತಿದೀರಿ, ಸ್ವಂತ ಮೊಮ್ಮಗಳಿಗೇ ಬಂದಿಲ್ಲ. ಇಂಥದಕ್ಕೆ ಸರ್ಕಾರದ ದುಡ್ಡು ಸುರಿಯೋದು ಹೇಗೆ?” ಎಂದು ಅವರು ಎದ್ದರು. ಹಂದಿಯ ಬೆನ್ನಿನ ಮಾಂಸ ಕಟ್ಟಿಸಿಕೊಂಡು ಹೊರಟರು.

ಓದು ಬಂದರೆ ದುಡ್ಡು ಬೇಡ, ಬಾರದಿದ್ದರೆ ದುಡ್ಡು ದಂಡ. ಇವರ ನ್ಯಾಯಕ್ಕಿಷ್ಟು ಬೆಂಕಿ ಬೀಳ!

ಅತಿಥಿಯ ಮುಂದೆ ಮರ್ಯಾದೆ ಕಳೆದದ್ದಕ್ಕೆ ಹಿರಿಯರ ಸಭೆ ಸಿನಿವಾಳಿಗೆ ದಂಡ ಹಾಕಿತು, ಅವಳ ಮನೆಯಲ್ಲಿದ್ದ ಒಂದೇ ಹೆಣ್ಣು ಹಂದಿ. ಸಂಘದ ಹೆಂಗಸರು ಚಾಪೆ ಸುತ್ತಿ ಅವಳ ಅಂಗಳಕ್ಕೆ ಎಸೆದರು. ಮಕ್ಕಳು ಬರುವುದು ನಿಂತಿತು. ಫೆಟೂಳನ್ನು ದಾರಿಯಲ್ಲಿ ಕಂಡವರೆಲ್ಲ ‘ಬಸ್ಸು’ ಎಂದು ಕರೆದರು, ಆ ಹೆಸರೇ ಅಂಟಿಕೊಂಡಿತು.

“ನಾನು ಒಂದ್ ಮಾತೂ ತಪ್ಪಲಿಲ್ಲ ಅಜ್ಜಿ,” ಎಂದಳು ಫೆಟೂ. “ಮತ್ಯಾಕೆ ನನ್ನ ಅವರ ಮುಂದೆ ನಿಲ್ಸಿದೆ?”

ಅಂದಿನಿಂದ ಪುಸ್ತಕ ಮುಂದಿಟ್ಟರೆ ಸಾಕು, ಮಗು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಳ್ಳುತ್ತಿತ್ತು.

ಅಕ್ಟೋಬರಿನಲ್ಲಿ ಬಿಳಿ ಭಾನುವಾರ ಬಂತು. ಪುಸ್ತಕ ಬೇಡವೆಂದು ಫೆಟೂ ರಂಪ ಮಾಡಿದಳು. ಕೊನೆಗೆ ಸಿನಿವಾ ತಾನೇ ಒಂದೊಂದು ಸಾಲು ಹೇಳಿಕೊಟ್ಟಳು, ಮಗು ತಿರುಗಿ ಹೇಳಿತು. ಚರ್ಚಿನಲ್ಲಿ ಎಲ್ಲೂ ತಡವರಿಸಲಿಲ್ಲ. ಮುದುಕಿಯರು ಕಣ್ಣೊರೆಸಿಕೊಂಡರು.

“ಥೇಟ್ ಅಜ್ಜಿಯೇ,” ಎಂದಳು ಲೋಸಾ.